ಮೂರು ಒಲೆ, ಒಂದೇ ತೆರಿಗೆ

ಗೆಳತಿಯರೇ, ಇವತ್ತು ತೆರಿಗೆ ಇನ್‌ಸ್ಪೆಕ್ಟರು ಮಡಿಕೇರಿಯಿಂದ ಬಂದವರು ನೇರ ನಮ್ಮ ಅಡುಗೆಮನೆಗೇ ನುಗ್ಗಿದರು.

ಕಾಫಿ ಆದಾಯಕ್ಕೂ ಈಗ ತೆರಿಗೆ ಬಂದಿದೆಯಲ್ಲ. ಒಟ್ಟು ಕುಟುಂಬಕ್ಕೆ ಹೆಚ್ಚು, ಪಾಲಾದವರಿಗೆ ಕಡಿಮೆ. ಅದಕ್ಕೇ ದೊಡ್ಡ ಭಾವ ತೋಟವನ್ನು ಮೂರು ಪಾಲು ಮಾಡಿ ಕಾಗದ ಬರೆಸಿದ್ದರು. ಒಂದು ಅವರಿಗೆ, ಒಂದು ಎರಡನೇ ಭಾವನಿಗೆ, ಒಂದು ಹೋದ ವರ್ಷ ತೀರಿಕೊಂಡ ನನ್ನವರ ಬದಲು ನನಗೆ. ಪಾಲಾದವರಿಗೆ ಒಲೆ ಬೇರೆ ಇರಬೇಕೆಂದು ಎರಡು ಹೊಸ ಒಲೆಯನ್ನೂ ಹಾಕಿಸಿದರು. ಅಡುಗೆ ಮಾತ್ರ ನಾವು ಮೂವರು ಓರಗಿತ್ತಿಯರು ಎಂದಿನಂತೆ ಹಂಚಿಕೊಂಡೇ ಮಾಡಿದ್ದೆವು.

ಇನ್‌ಸ್ಪೆಕ್ಟರು ಒಂದೊಂದೇ ಮುಚ್ಚಳ ತೆಗೆದರು. ದೊಡ್ಡಕ್ಕನ ಒಲೆಯ ಮೇಲೆ ಕಡುಬು, ಎರಡನೇ ಅಕ್ಕನದರ ಮೇಲೆ ಕೋಳಿ ಸಾರು, ನನ್ನದರ ಮೇಲೆ ಕಳಲೆ ಪಲ್ಯ.

“ಗೌಡ್ರೇ, ನಿಮ್ಮ ಸಂಸಾರ ಬರೀ ಕಡುಬು ತಿನ್ನುತ್ತಾ?”

“ಕಡುಬು ಅಂದ್ರೆ ನಮಗೆ ಜೀವ, ಸ್ವಾಮಿ,” ಅಂದರು ದೊಡ್ಡ ಭಾವ.

“ನಿಮ್ದು ಬರೀ ಸಾರಾ?”

“ಶೀತ ಆಗಿದೆ,” ಅಂದರು ಎರಡನೇ ಭಾವ.

ಆಮೇಲೆ ನನ್ನ ಕಡೆ ತಿರುಗಿದರು. “ನಿಮಗೆ ಪಲ್ಯ ಸಾಕೇನಮ್ಮಾ?”

ನನಗೆ ಸುಳ್ಳು ಹೊಳೆಯಲಿಲ್ಲ. “ಇಲ್ಲ, ಮೂರೂ ಬೇಕು,” ಅಂದೆ.

ಮೊದಲು ನಕ್ಕವರು ಇನ್‌ಸ್ಪೆಕ್ಟರು. ನಾನಂತೂ ಸೆರಗನ್ನು ಬಾಯಿಗೆ ಒತ್ತಿಕೊಂಡು ನೆಲದ ಮೇಲೆ ಕೂತುಬಿಟ್ಟೆ. ನನ್ನವರು ಹೋದ ಮೇಲೆ ಹೀಗೆ ನಕ್ಕಿರಲಿಲ್ಲ.

ಇನ್‌ಸ್ಪೆಕ್ಟರು ಒಟ್ಟು ಕುಟುಂಬ ಎಂದೇ ಬರೆದುಕೊಂಡು, ಮೂರನ್ನೂ ಉಂಡು ಹೋದರು. ತೆರಿಗೆ ಪೂರ್ತಿ ಕಟ್ಟಬೇಕು. ಸಿಟ್ಟಿನಲ್ಲಿ ದೊಡ್ಡ ಭಾವ ಹೊಸ ಒಲೆ ಒಡೆಯಲು ಹಾರೆ ತಂದರೆ ಅಕ್ಕಂದಿರಿಬ್ಬರೂ ಅಡ್ಡ ನಿಂತಿದ್ದಾರೆ. ಮೂರು ಒಲೆಯಿದ್ದರೆ ಅಡುಗೆ ಬೇಗ ಮುಗಿಯುತ್ತದಂತೆ.