ಸೌಟಣ್ಣನ ಹಸಿ ಊಟ

ಬಟ್ಟೆ ಗಿರಣಿಯ ಕ್ಯಾಂಟೀನಿನಲ್ಲಿ ಅಡುಗೆ ಮಾಡುವವನನ್ನು ಎಲ್ಲರೂ ಸೌಟಣ್ಣ ಎಂದೇ ಕರೆಯುತ್ತಿದ್ದರು. ಕೈಯಲ್ಲಿ ಸೌಟಿಲ್ಲದೆ ಅವನನ್ನು ನೋಡಿದವರು ಕಡಿಮೆ. ಮಾತಾಡುವಾಗಲೂ ಅದನ್ನು ಆಡಿಸುತ್ತಲೇ ಇರುತ್ತಿದ್ದ. ಹತ್ತಿರ ನಿಂತವರ ಅಂಗಿಗೆ ಒಂದೆರಡು ಹನಿ ಬೀಳದೆ ಅವನ ಮಾತು ಮುಗಿಯುತ್ತಿರಲಿಲ್ಲ. ದುಂಡನೆಯ ಆಳು. ನಗು ಬಂದರೆ ಮುಖಕ್ಕಿಂತ ಮೊದಲು ಹೊಟ್ಟೆ ನಗುತ್ತಿತ್ತು. "ಸಣ್ಣಗಿರೋ ಅಡುಗೆಯವನ ಕೈಯೂಟ ಯಾರು ನಂಬ್ತಾರೆ?" ಎಂದು ತಾನೇ ತಮಾಷೆ ಮಾಡಿಕೊಳ್ಳುತ್ತಿದ್ದ.

ಆ ಹೊಟ್ಟೆ ತಮಾಷೆಯ ಮಾತಾಗಿ ಉಳಿಯಲಿಲ್ಲ. ಅವನ ಅಕ್ಕನ ಲಿವರ್ ಕೆಟ್ಟುಹೋಗಿತ್ತು. ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಶಾಲೆಯ ಮಕ್ಕಳ ಸಮವಸ್ತ್ರ ಹೊಲಿಯುತ್ತಿದ್ದವಳು ಆಕೆ. ತಾಯಿ ಬೇಗ ತೀರಿಕೊಂಡಿದ್ದರಿಂದ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ್ದಳು. ಎಂದೋ ಬಂದಿದ್ದ ಕಾಮಾಲೆ ಹೋಯಿತು ಅಂದುಕೊಂಡಿದ್ದರು. ಅದು ಒಳಗೇ ಕೂತು ತನ್ನ ಕೆಲಸ ಮಾಡಿತ್ತು. ಈಗ ಕಣ್ಣು ಹಳದಿ, ಕಾಲು ಊತ, ಹೊಟ್ಟೆಯಲ್ಲಿ ನೀರು. ಇನ್ನೊಬ್ಬರ ಲಿವರಿನ ಭಾಗ ತೆಗೆದು ಜೋಡಿಸಿದರೆ ಜೀವ ಉಂಟು, ಇಲ್ಲದಿದ್ದರೆ ಇಲ್ಲ ಎಂದರು ಆಸ್ಪತ್ರೆಯವರು. ಅಕ್ಕನಿಗೆ ಇದ್ದ ಒಬ್ಬಳೇ ಮಗಳ ರಕ್ತದ ಗುಂಪು ಹೊಂದಲಿಲ್ಲ. ತಮ್ಮನದು ಹೊಂದಿತು.

ಮನೆಯವರೆಲ್ಲ ನೆಮ್ಮದಿಯ ಉಸಿರು ಬಿಟ್ಟರು. ಆದರೆ ಸ್ಕ್ಯಾನ್ ನೋಡಿದ ಡಾಕ್ಟರಮ್ಮ ತಲೆ ಆಡಿಸಿದರು.

"ನಿಮ್ಮ ಲಿವರ್ ತುಂಬ ಕೊಬ್ಬು ಇದೆ. ಇದನ್ನ ಕತ್ತರಿಸಿ ಅವರಿಗೆ ಹಾಕಿದ್ರೆ ಅವರಿಗೂ ಹಿಡಿಯಲ್ಲ, ಉಳಿದಿದ್ದು ನಿಮಗೂ ಸಾಲಲ್ಲ. ಇಬ್ಬರನ್ನೂ ಕಳ್ಕೋತೀವಿ. ಕೊಬ್ಬು ಇಳಿಸ್ಕೊಂಡು ಬನ್ನಿ."

"ಎಷ್ಟು ಟೈಮ್ ಇದೆ ಮೇಡಂ?"

"ನಿಮ್ಮ ಅಕ್ಕನ ಮೈ ಎಷ್ಟು ಕಾಯುತ್ತೋ ಅಷ್ಟು."

ಆಸ್ಪತ್ರೆಯಲ್ಲಿ ಏನು ತಿನ್ನಬೇಕೆಂದು ಹೇಳಿ ಕಳಿಸಿದರು: ಎಣ್ಣೆ ಬಿಡಿ, ಅನ್ನ ಕಡಿಮೆ ಮಾಡಿ, ಬೇಳೆ ತರಕಾರಿ ತಿನ್ನಿ, ದಿನಾ ನಡೆಯಿರಿ. ಸೌಟಣ್ಣನಿಗೆ ಅದು ನಿಧಾನದ ದಾರಿ ಅನ್ನಿಸಿತು. ಅವನ ಬೀದಿಯಲ್ಲೇ ಒಬ್ಬ ನಿವೃತ್ತ ಡ್ರಿಲ್ ಮೇಷ್ಟ್ರು ಇದ್ದರು. ಬೆಂಕಿ ತಾಗಿದ್ದನ್ನು ಬಾಯಿಗೆ ಇಡುತ್ತಿರಲಿಲ್ಲವಾದ್ದರಿಂದ ಜನ ಅವರಿಗೆ ಹಸಿ ಮೇಷ್ಟ್ರು ಎಂದು ಹೆಸರಿಟ್ಟಿದ್ದರು.

"ಬರೀ ಹಣ್ಣು, ಹಸಿ ಸೊಪ್ಪು, ಸೌತೆಕಾಯಿ, ಕ್ಯಾರೆಟ್. ಉಪ್ಪು ಬೇಡ, ಎಣ್ಣೆ ಬೇಡ, ಕಡಲೆಕಾಯಿ ಕೂಡ ಬೇಡ, ಅದರಲ್ಲೂ ಕೊಬ್ಬು ಇದೆ," ಎಂದರು ಮೇಷ್ಟ್ರು. ಕಡ್ಡಿಯಂಥ ತೋಳನ್ನು ಮಡಚಿ ತೋರಿಸಿ, "ನನ್ನ ನೋಡು," ಎಂದರು.

ಸೌಟಣ್ಣನ ಹೆಂಡತಿ ಮನೆಯ ಜಗಲಿಯಲ್ಲೇ ಇಸ್ತ್ರಿ ಅಂಗಡಿ ಇಟ್ಟಿದ್ದಳು. ಪೆಟ್ಟಿಗೆ ಒತ್ತುತ್ತಲೇ ಕೇಳಿಸಿಕೊಂಡು, ಮೇಷ್ಟ್ರು ಹೋದಮೇಲೆ, "ನೋಡಿದೆ ನೋಡಿದೆ, ಗಾಳಿ ಬಂದ್ರೆ ಕಂಬ ಹಿಡ್ಕೋತಾರೆ," ಎಂದಳು. ಆದರೆ ಮರುದಿನ ಬೆಳಿಗ್ಗೆ ಪಪ್ಪಾಯಿ, ಸೀಬೆ, ಕಲ್ಲಂಗಡಿ ಹೆಚ್ಚಿ ಡಬ್ಬಿಗೆ ತುಂಬಿದವಳೂ ಅವಳೇ.

ಮನೆ ಹಣ್ಣಿನ ಮಂಡಿಯಾಯಿತು. ಬಾಳೆಗೊನೆ ಬಾಗಿಲ ಹಿಂದೆ, ಪಪ್ಪಾಯಿ ಮಂಚದ ಕೆಳಗೆ, ಎಲ್ಲಿ ನೋಡಿದರೂ ಇರುವೆ ಸಾಲು. ಸೌಟಣ್ಣ ಬುಟ್ಟಿಗಟ್ಟಲೆ ತಿಂದರೂ ಹೊಟ್ಟೆ ತುಂಬಿದಂತೆ ಅನ್ನಿಸುತ್ತಿರಲಿಲ್ಲ. ಗಳಿಗೆಗೊಮ್ಮೆ ಮೂತ್ರಕ್ಕೆ ಓಡುತ್ತಿದ್ದ. ತುಟಿ ಒಡೆಯಿತು, ಬಿಸಿಲಲ್ಲೂ ಚಳಿ ಅನ್ನುತ್ತಿದ್ದ. ಹಾಗೆ ಹಸಿದ ಹೊಟ್ಟೆಯಲ್ಲೇ ಕ್ಯಾಂಟೀನಿಗೆ ಹೋಗಿ ಪಾಳಿಯವರಿಗೆಲ್ಲ ಅನ್ನ ಬೇಯಿಸಬೇಕು, ಬೇಳೆ ಕುದಿಸಬೇಕು, ಆಲೂಗಡ್ಡೆ ಕರಿಯಬೇಕು. ಒಗ್ಗರಣೆ ಹಾಕಿದಾಗ ಬರುವ ವಾಸನೆಗೆ ಅವನ ಕಣ್ಣಲ್ಲಿ ನೀರು ಬರುತ್ತಿತ್ತು. ಈರುಳ್ಳಿ ಎಂದು ಹೇಳಿ ಒರೆಸಿಕೊಳ್ಳುತ್ತಿದ್ದ.

ಹೆಂಡತಿಗೆ ಅದಕ್ಕಿಂತ ದೊಡ್ಡ ಸಂಕಟ ಬೇರೆ ಇತ್ತು. ದಿನಾ ದೀಪ ಹಚ್ಚಿ ಕೈ ಮುಗಿದು ನಿಂತರೆ ಏನು ಕೇಳಬೇಕೆಂದೇ ತೋಚುತ್ತಿರಲಿಲ್ಲ. ಇವರ ಲಿವರ್ ಬೇಗ ಸರಿಯಾಗಲಿ ಅಂದರೆ ಗಂಡನನ್ನು ತಾನೇ ಕತ್ತಿಯ ಕೆಳಗೆ ತಳ್ಳಿದಂತೆ. ಆಗದಿರಲಿ ಅಂದರೆ ಅತ್ತಿಗೆ ಸಾಯಲಿ ಅಂದಂತೆ. ಆ ಅತ್ತಿಗೆ ಇವಳ ಬಾಣಂತನ ಮಾಡಿದ್ದಳು. ಹಾಗಾಗಿ ಏನನ್ನೂ ಕೇಳದೆ, ಬತ್ತಿಯನ್ನು ಸ್ವಲ್ಪ ಮುಂದೆ ತಳ್ಳಿ ಬರುತ್ತಿದ್ದಳು.

ತಿಂಗಳ ಮೇಲೆ ಮತ್ತೆ ಸ್ಕ್ಯಾನ್ ಆಯಿತು. ಪ್ಯಾಂಟು ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ. ದಾರ ಕಟ್ಟಿಕೊಂಡು ಹೋಗಿದ್ದ. ಡಾಕ್ಟರಮ್ಮನ ಮುಖ ಮಾತ್ರ ಅರಳಲಿಲ್ಲ.

"ಇಳಿದಿದೆ. ಆದ್ರೆ ಇಳೀಬೇಕಾದಷ್ಟು ಇಳಿದಿಲ್ಲ. ಏನು ತಿಂತಿದೀರಿ?"

"ಹಣ್ಣು ಬಿಟ್ಟು ಬೇರೇನೂ ಇಲ್ಲ ಮೇಡಂ."

"ಬುಟ್ಟಿಗಟ್ಟಲೆ ತಿಂದ್ರೆ ಹಣ್ಣಿನ ಸಕ್ಕರೆಯೂ ಸಕ್ಕರೆಯೇ. ನಾವು ಹೇಳಿದ್ದು ಇದನ್ನಲ್ಲ. ಅದಿರಲಿ, ಎಣ್ಣೆ ಜಿಡ್ಡು ನಿಜವಾಗಿ ಬಿಟ್ಟಿದೀರಾ?"

"ನಾಲಿಗೆಗೆ ತಾಗಿಸಿಲ್ಲ."

ಹೊರಗಿನ ಬೆಂಚಿನಲ್ಲಿ ಹೆಂಡತಿಯೂ ಅಕ್ಕನ ಮಗಳೂ ಕಾಯುತ್ತಿದ್ದರು. ತಾಯಿಯ ಪಕ್ಕ ಕೂತು ಕೂತು ಹುಡುಗಿಯ ಕಣ್ಣು ಗುಳಿ ಬಿದ್ದಿತ್ತು. ವಿಷಯ ಕೇಳಿ ಅವಳು ಬಾಯಿ ಬಿಟ್ಟಳು.

"ಮಾವ, ಒಂದು ಕೇಳ್ತೀನಿ, ಬೇಜಾರಾಗ್ಬೇಡಿ. ಹೆದರಿಕೆ ಆಗಿದ್ರೆ ಹೇಳಿಬಿಡಿ. ಹೆದರಿಕೆ ತಪ್ಪಲ್ಲ. ಆದ್ರೆ ಒಳಗೊಳಗೇ ತಿಂದುಕೊಂಡು, ಆಗಲಿಲ್ಲ ನೋಡಿ ಅಂತ ಕೈ ತೊಳ್ಕೋಬೇಡಿ. ನಾನು ಬೇರೆ ಯಾರನ್ನಾದ್ರೂ ಹುಡುಕ್ತೀನಿ."

"ಲೇ, ಯಾರ ಹತ್ತಿರ ಮಾತಾಡ್ತಿದೀಯಾ ಗೊತ್ತಾ?" ಎಂದು ಸೌಟಣ್ಣನ ಹೆಂಡತಿ ಎದ್ದು ನಿಂತಳು.

"ಗೊತ್ತು ಅತ್ತೆ. ಅಮ್ಮ ನಿನ್ನೆ ನನ್ನ ಹೆಸರು ಮರೆತಿದ್ದಳು. ಅದೂ ಗೊತ್ತು."

ಸೌಟಣ್ಣ ಮನೆಗೆ ಬಂದು ಗೋಡೆಗೆ ಮುಖ ಮಾಡಿ ಮಲಗಿದ. "ನೀನೂ ಹಾಗೇ ಅಂದ್ಕೊಂಡಿದೀಯಾ?" ಎಂದು ಗೋಡೆಗೇ ಕೇಳಿದ. ಹೆಂಡತಿ "ಇಲ್ಲ" ಎಂದಳು. ಹೇಳಲು ಒಂದು ಗಳಿಗೆ ತಡವಾಗಿತ್ತು. ಅದು ಇಬ್ಬರಿಗೂ ಗೊತ್ತಾಯಿತು.

ಮರುದಿನ ಅವನು ಹಣ್ಣಿನ ಡಬ್ಬಿ ಮರೆತು ಹೋದ. ಹೆಂಡತಿ ಇಸ್ತ್ರಿ ಪೆಟ್ಟಿಗೆ ಆರಿಸಿ, ಡಬ್ಬಿ ಹಿಡಿದು ಗಿರಣಿಗೆ ಹೊರಟಳು. ಕ್ಯಾಂಟೀನಿನ ಹಿಂಬದಿಯಲ್ಲಿ ತಟ್ಟೆ ದಾಟಿಸುವ ಕಿಟಕಿ ಇದೆ. ಅಲ್ಲಿ ನಿಂತು ಕೂಗಬೇಕೆಂದವಳು ಕೂಗಲಿಲ್ಲ.

ಒಳಗೆ ಹಬೆ. ಕೊಪ್ಪರಿಗೆಯಂಥ ಪಾತ್ರೆಯ ಮುಂದೆ ಗಂಡ ನಿಂತಿದ್ದ. ಸೌಟಿನಲ್ಲಿ ಬೇಳೆ ಎತ್ತಿ, ಎಡಗೈ ಹಿಂಬದಿಯ ಮೇಲೆ, ಹೆಬ್ಬೆರಳ ಬುಡದಲ್ಲಿ ಸ್ವಲ್ಪ ಬಿಟ್ಟುಕೊಂಡು ನೆಕ್ಕಿದ. ಉಪ್ಪು ಹಾಕಿದ. ತಿರುವಿದ. ಮತ್ತೆ ಬಿಟ್ಟುಕೊಂಡು ನೆಕ್ಕಿದ. ಪಕ್ಕದ ಬಾಣಲೆಗೆ ಹೋಗಿ ಕರಿದ ಆಲೂಗಡ್ಡೆಯ ತುಂಡೊಂದನ್ನು ಮುರಿದು ಬೆಂದಿದೆಯೇ ನೋಡಿ, ಮುರಿದದ್ದನ್ನು ಬಾಯಿಗೆ ಹಾಕಿಕೊಂಡ. ಪಲ್ಯದ ಪಾತ್ರೆಗೆ ಹೋದ. ಅಲ್ಲೂ ಅದೇ. ತರಕಾರಿ ಹೆಚ್ಚುವವಳೊಂದಿಗೆ ಮಾತಾಡುತ್ತಲೇ ಇದ್ದ, ಮಾತು ಒಮ್ಮೆಯೂ ನಿಲ್ಲಲಿಲ್ಲ. ಕೈ ತನ್ನ ಪಾಡಿಗೆ ಬಾಯಿಗೆ ಹೋಗಿ ಬರುತ್ತಿತ್ತು.

ಅತ್ತಿಗೆಯ ಮಗಳು ಹೇಳಿದ್ದೇ ನಿಜವೇ?

"ಏನ್ರೀ!" ಎಂದಳು. ಅವನು ತಿರುಗಿದ. "ಬಾಯಲ್ಲೇನಿದೆ?"

"ಬಾಯಲ್ಲಾ? ಏನೂ ಇಲ್ವಲ್ಲ."

"ಬಾಯಿ ತೆಗೀರಿ."

ತೆರೆದ. ನಾಲಿಗೆಯ ಮೇಲೆ ಆಲೂಗಡ್ಡೆ ಇನ್ನೂ ಇತ್ತು. ಅವನು ಅದನ್ನು ಬೆರಳಿಂದ ತೆಗೆದು ಅಂಗೈಯಲ್ಲಿಟ್ಟು, ಯಾರೋ ತಂದು ಹಾಕಿದ್ದಾರೆ ಅನ್ನುವಂತೆ ನೋಡಿದ.

"ಇದು ತಿನ್ನೋದಲ್ಲ ಕಣೆ," ಎಂದ ಮೆಲ್ಲಗೆ. "ಇದು ಕೆಲಸ. ರುಚಿ ನೋಡೋದು… ಇದನ್ನ ತಿನ್ನೋದು ಅಂತ ನಾನು ಯಾವತ್ತೂ…"

ಅವನು ಸುಳ್ಳು ಹೇಳುತ್ತಿಲ್ಲವೆಂದು ಅವಳಿಗೆ ಆ ಕ್ಷಣ ತಿಳಿಯಿತು. ಹುಡುಗನಾಗಿದ್ದಾಗಿನಿಂದ ಒಲೆಯ ಮುಂದೆ ನಿಂತವನು. ಮನೆಗೆ ಬಂದು "ಬೆಳಗಿಂದ ಒಂದು ಅಗುಳು ಬಾಯಿಗೆ ಹಾಕಿಲ್ಲ" ಎಂದು ತಟ್ಟೆ ಮುಂದೆ ಕೂರುತ್ತಿದ್ದನಲ್ಲ, ಆಗೆಲ್ಲ ಅವನ ಪಾಲಿಗೆ ಅದೇ ಸತ್ಯ.

ತರಕಾರಿಯವಳು ಚಾಕು ಕೆಳಗಿಟ್ಟಳು. "ಅಯ್ಯೋ, ನಾನು ದಿನಾ ನೋಡ್ತಾನೇ ಇದೀನಿ. ನನಗೂ ಅದು ತಿಂದ ಹಾಗೆ ಕಾಣ್ಲೇ ಇಲ್ಲ ನೋಡಿ."

ಹೆಂಡತಿ ಒಳಗೆ ಬಂದು, ಸೆರಗಿನ ಅಂಚು ಹರಿದು ಅವನ ಎಡಗೈಗೆ ಮಣಿಕಟ್ಟಿನಿಂದ ಬೆರಳ ತನಕ ಸುತ್ತಿದಳು. ಇನ್ನೊಂದು ಬಟ್ಟೆಯನ್ನು ಮೂಗು ಬಾಯಿಗೆ ಕಟ್ಟಿದಳು. ಅಂದಿನಿಂದ ರುಚಿ ನೋಡುವ ಕೆಲಸ ತರಕಾರಿಯವಳದಾಯಿತು. ಅವಳ ನಾಲಿಗೆಗೆ ಉಪ್ಪು ಎಷ್ಟಿದ್ದರೂ ಸಾಲದು. ಊಟದ ಸಾಲಿನಿಂದ ಕೂಗು ಶುರುವಾಯಿತು.

"ಸೌಟಣ್ಣ, ಸಮುದ್ರ ಯಾವ ಕಡೆಯಿಂದ ತಂದೆ?"

"ಬಾಯಿ ಕಟ್ಕೊಂಡು ಯಾರ ಮನೆ ದರೋಡೆಗೆ ಹೊರಟಿದೀಯೋ?"

ಹಿಂದೆಲ್ಲ ಒಂದಕ್ಕೆ ಎರಡು ತಿರುಗಿಸಿ ಹೇಳುತ್ತಿದ್ದವನು ಈಗ ತಲೆ ಎತ್ತುತ್ತಿರಲಿಲ್ಲ. ಹಣ್ಣನ್ನೂ ಅರ್ಧಕ್ಕೆ ಇಳಿಸಿದ. ಸೌತೆಕಾಯಿ, ಸೊಪ್ಪು, ಎರಡು ಹೋಳು ಪಪ್ಪಾಯಿ. ಅಕ್ಕನನ್ನು ಅಷ್ಟರಲ್ಲಿ ಆಸ್ಪತ್ರೆಗೇ ಸೇರಿಸಿದ್ದರು. ಒಂದು ದಿನ ಅನ್ನದ ಗಂಜಿ ಬಸಿಯುವಾಗ ಅವನ ಕಣ್ಣು ಕತ್ತಲಿಟ್ಟಿತು. ಕುದಿಯುವ ಪಾತ್ರೆಯ ಮೇಲೆ ಬಾಗಿದವನನ್ನು ತರಕಾರಿಯವಳು ಏಪ್ರನ್ನಿನ ದಾರ ಹಿಡಿದು ಹಿಂದಕ್ಕೆ ಎಳೆದಳು. ಇಬ್ಬರೂ ನೆಲಕ್ಕೆ ಬಿದ್ದರು. "ಮನೇಲಿ ಹೇಳ್ಬೇಡ, ನಿನ್ನ ದಮ್ಮಯ್ಯ," ಎಂದ. ಅವಳು ಆ ಸಂಜೆಯೇ ಇಸ್ತ್ರಿ ಅಂಗಡಿಗೆ ಬಂದು ಹೇಳಿ ಹೋದಳು. ಹೆಂಡತಿ ಬೈದಳು, ಅತ್ತಳು, ಡಾಕ್ಟರರಿಗೆ ಹೇಳುತ್ತೇನೆಂದಳು. ಅವನು ಒಂದೇ ಮಾತು ಹೇಳಿದ: "ಸ್ಕ್ಯಾನ್ ಆಗ್ಲಿ. ಆಮೇಲೆ ಏನು ಬೇಕಾದ್ರೂ ಹೇಳು."

ಈ ಸಲ ಡಾಕ್ಟರಮ್ಮ ಚಿತ್ರವನ್ನು ಬೆಳಕಿಗೆ ಹಿಡಿದು ಎರಡು ಬಾರಿ ನೋಡಿದರು. "ಲಿವರ್ ಚೆನ್ನಾಗಿದೆ," ಎಂದರು. ಸೌಟಣ್ಣ ಕುರ್ಚಿಯ ಕೈ ಹಿಡಿದುಕೊಂಡ. "ಆದ್ರೆ ನೀವು ಚೆನ್ನಾಗಿಲ್ಲ. ರಕ್ತದಲ್ಲಿ ಸತ್ವವೇ ಇಲ್ಲ. ಪ್ರೋಟೀನ್ ಇಲ್ಲ. ಈಗ ಕೊಯ್ದರೆ ಗಾಯ ಕೂಡೋದಿಲ್ಲ. ನಾನು ಕತ್ತಿ ಹಿಡಿಯಲ್ಲ."

"ಮೇಡಂ, ಅಕ್ಕ…"

"ಎರಡು ವಾರ. ಬೇಯಿಸಿದ ಬೇಳೆ, ಮೊಟ್ಟೆ, ಮೊಸರು, ಇಲ್ಲೇ ನಮ್ಮ ಕಣ್ಣೆದುರಿಗೆ ತಿನ್ನಬೇಕು. ಅಷ್ಟು ದಿನ ಅವರನ್ನ ಕಾಪಾಡಕ್ಕೆ ನಾವು ನೋಡ್ತೀವಿ."

ಬೇಯಿಸಿದ ಊಟಕ್ಕೆ ಹಂಬಲಿಸಿದವನ ಮುಂದೆ ಅಂದು ಬೇಯಿಸಿದ ಬೇಳೆಯ ಬಟ್ಟಲು ಬಂತು. ಅವನಿಗೆ ನುಂಗಲಾಗಲಿಲ್ಲ. ಒಂದೊಂದು ತುತ್ತೂ ಒಳಗೆ ಹೋಗಿ ಮತ್ತೆ ಕೊಬ್ಬಾಗಿ ಅಕ್ಕನ ದಾರಿ ಮುಚ್ಚುತ್ತದೆ ಎಂಬ ಭಯ. ಬಾಯಲ್ಲಿ ಇಟ್ಟುಕೊಂಡು ಕೂರುತ್ತಿದ್ದ, ಹೆಂಡತಿ ಆಚೆ ನೋಡಿದಾಗ ಕರವಸ್ತ್ರಕ್ಕೆ ಉಗುಳುತ್ತಿದ್ದ. ಎರಡನೆಯ ದಿನ ನರ್ಸು ಕಂಡು ಗದರಿಸಿದರೂ ಪ್ರಯೋಜನವಾಗಲಿಲ್ಲ. ಕೊನೆಗೆ ಹೆಂಡತಿ ಬಟ್ಟಲು ಹಿಡಿದು, ಅವನ ರಟ್ಟೆ ಹಿಡಿದು, ಅಕ್ಕನ ವಾರ್ಡಿಗೆ ಕರೆದುಕೊಂಡು ಹೋದಳು.

ಅಕ್ಕನಿಗೆ ಅಂದು ಎಚ್ಚರ ಚೆನ್ನಾಗಿತ್ತು. ತಮ್ಮನ ಜೋತುಬಿದ್ದ ಕೆನ್ನೆ ನೋಡಿದಳು.

"ಏನೋ ಮರಿ, ನನಗಿಂತ ಮೊದಲು ಹೊರಡೋ ಹಾಗೆ ಕಾಣ್ತೀಯಲ್ಲೋ."

"ತಿಂತಿಲ್ಲ ಅತ್ತಿಗೆ. ಉಗುಳ್ತಾರೆ."

"ಯಾಕೋ?"

"ಮತ್ತೆ ಕೊಬ್ಬು ಬಂದುಬಿಟ್ರೆ ಅಕ್ಕಾ? ಇನ್ನೊಂದು ಸಲ ಇಳಿಸೋಷ್ಟು ಟೈಮಿಲ್ಲ."

ಅಕ್ಕ ಉಸಿರು ಎಳೆದುಕೊಂಡು ಹೇಳಿದಳು: "ನೋಡು, ನಿನ್ನದು ಇಸ್ಕೊಳ್ಳಕ್ಕೆ ನನಗೆ ಮನಸ್ಸಿರ್ಲಿಲ್ಲ. ನಿನಗೆ ಏನಾದ್ರೂ ಆದ್ರೆ ಇವಳ ಮುಖ ಹೇಗೆ ನೋಡ್ಲಿ ಅಂತ. ಆದ್ರೂ ಹೂಂ ಅಂದೆ. ಬದುಕೋ ಆಸೆ ಕಣೋ, ನಾಚಿಕೆ ಬಿಟ್ಟು ಹೇಳ್ತೀನಿ. ಈಗ ನೀನು ಹೀಗೆ ಮಾಡಿದ್ರೆ ನಾನು ಇವತ್ತೇ ಬೇಡ ಅಂತ ಬರ್ಕೊಡ್ತೀನಿ. ಸತ್ತವನ ಲಿವರ್ ಹೊಟ್ಟೇಲಿಟ್ಕೊಂಡು ನಾನು ಬಟ್ಟೆ ಹೊಲೀಬೇಕಾ? ತಿನ್ನು."

ಅವನು ಅಲ್ಲೇ ಸ್ಟೂಲಿನ ಮೇಲೆ ಕೂತು ತಿಂದ. ಮೊದಲ ತುತ್ತಿಗೆ ವಾಕರಿಕೆ ಬಂತು. ಅಕ್ಕ ಕಣ್ಣು ಬಿಟ್ಟುಕೊಂಡು, ಬಟ್ಟಲು ಖಾಲಿಯಾಗುವ ತನಕ ನೋಡಿದಳು. ಮರುದಿನವೂ, ಅದರ ಮರುದಿನವೂ ಅಲ್ಲಿಯೇ ಊಟ. ಆಕೆಗೆ ಮಂಪರು ಕವಿದ ದಿನ ಮಗಳು ಆ ಜಾಗದಲ್ಲಿ ಕೂತಳು. ಮೊಟ್ಟೆ ಸುಲಿದು ಕೊಟ್ಟಳು.

ಎರಡು ವಾರ ತುಂಬುವ ಮೊದಲೇ ಅಕ್ಕನ ಮೂತ್ರ ಕಡಿಮೆಯಾಯಿತು, ಕಿಡ್ನಿಯೂ ಸೋಲುತ್ತಿತ್ತು. ಡಾಕ್ಟರಮ್ಮ ಸೌಟಣ್ಣನ ರಕ್ತವನ್ನು ಮತ್ತೆ ತೆಗೆಸಿದರು, ಸ್ಕ್ಯಾನ್ ಮಾಡಿಸಿದರು. ಆ ಮಧ್ಯಾಹ್ನ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಡಾಕ್ಟರಮ್ಮ ಬಾಗಿಲಲ್ಲೇ ನಿಂತು, "ಸಾಕಷ್ಟು ಆಗಿದೆ. ಇನ್ನು ಕಾಯೋ ಹಾಗಿಲ್ಲ, ಬೆಳಿಗ್ಗೆ ತಗೋತೀವಿ," ಎಂದರು.

ಬೆಳಿಗ್ಗೆ ಮೊದಲು ಅವನನ್ನು, ಆಮೇಲೆ ಆಕೆಯನ್ನು ಒಳಗೆ ಕರೆದೊಯ್ದರು. ಹೊರಗಿನ ಬೆಂಚಿನ ಒಂದು ತುದಿಯಲ್ಲಿ ಹೆಂಡತಿ, ಇನ್ನೊಂದು ತುದಿಯಲ್ಲಿ ಅಕ್ಕನ ಮಗಳು. ನಡುವೆ ನೀರಿನ ಬಾಟಲಿ. ಮಧ್ಯಾಹ್ನವಾಯಿತು, ಬಿಸಿಲು ಒಂದು ಕಿಟಕಿಯಿಂದ ಇನ್ನೊಂದಕ್ಕೆ ಸರಿಯಿತು. ಯಾವಾಗಲೋ ಬಾಟಲಿ ಕೆಳಗಿಳಿದು ಇಬ್ಬರೂ ಒತ್ತಿಕೊಂಡು ಕೂತಿದ್ದರು. ಯಾರು ಮೊದಲು ಸರಿದರೋ ಇಬ್ಬರಿಗೂ ನೆನಪಿಲ್ಲ.

ಬಾಗಿಲು ತೆರೆದು ಡಾಕ್ಟರಮ್ಮ ಟೊಪ್ಪಿಗೆ ತೆಗೆಯುತ್ತ ಬಂದಾಗ ಇಬ್ಬರೂ ಎದ್ದರು.

"ಅತ್ತಿಗೆ ಹೇಗಿದಾರೆ?" "ಮಾವ ಹೇಗಿದಾರೆ?"

ಎರಡೂ ಪ್ರಶ್ನೆ ಒಂದೇ ಸಲ ಬಂದವು. ಡಾಕ್ಟರಮ್ಮ ಒಬ್ಬರಿಂದ ಒಬ್ಬರ ಕಡೆ ನೋಡಿದರು.

"ಇಬ್ಬರೂ ಇದ್ದಾರೆ. ಜೋಡಿಸಿ ರಕ್ತ ಬಿಟ್ಟ ಕೂಡಲೇ ಲಿವರ್ ಬಣ್ಣ ಕೆಂಪಿಗೆ ತಿರುಗಿತು, ಹಿಡಿಯೋ ಲಕ್ಷಣ. ಆದ್ರೆ ಇನ್ನೊಂದು ವಾರ ಇಬ್ಬರದೂ ಕಷ್ಟದ್ದೇ, ಈಗಲೇ ಏನೂ ಹೇಳಲ್ಲ. ನೀವು ಮನೆಗೆ ಹೋಗಿ ಸ್ವಲ್ಪ ಮಲಗಿ."

ಇಬ್ಬರೂ ಆಗಲಿ ಎಂದು ತಲೆ ಆಡಿಸಿದರು. ಡಾಕ್ಟರಮ್ಮ ಮರೆಯಾದ ಮೇಲೆ ಮತ್ತೆ ಬೆಂಚಿನ ಮೇಲೆ ಕೂತರು.