ಮೂರನೇ ಪ್ರಶ್ನೆಯ ಟೀಚರಮ್ಮ

ಆ ತರಗತಿಗೆ ಒಂದು ಉತ್ತರ ಇವತ್ತಿಗೂ ಬಾಕಿಯಿದೆ. ಟೀಚರಮ್ಮ ಪಾಠ ಓದಿಸಿ ಮೂರು ಪ್ರಶ್ನೆ ಕೇಳುವವಳು. ಮೊದಲನೆಯದನ್ನು ತೂಕಡಿಸುವವನೂ ಹೇಳಬಲ್ಲ. ಎರಡನೆಯದಕ್ಕೆ ಎರಡು ಸಾಲು ಕೂಡಿಸಿ ಯೋಚಿಸಬೇಕು. ಮೂರನೆಯದರ ಉತ್ತರ ಪುಸ್ತಕದಲ್ಲೇ ಇರದು. ಅದನ್ನು ಕೇಳಿದವಳೇ ಮಕ್ಕಳ ಬೆಂಚಿನಲ್ಲಿ ಒತ್ತರಿಸಿಕೊಂಡು ಕೂರುತ್ತಾಳೆ: "ನಂಗೂ ಗೊತ್ತಿಲ್ಲ ಕಣ್ರೋ, ಗೊತ್ತಿರೋರು ಎದ್ದು ನಿಂತು ಹೇಳಿ." ತಪ್ಪು ಹೇಳಿದರೂ ಚಪ್ಪಾಳೆ, ನಿಂತಮೇಲೆ ಬಾಯಿ ಬಿಡದವರನ್ನು ಮಾತ್ರ ಬಿಡುವವಳಲ್ಲ. ಮೊನ್ನೆ ಕೋಣೆಯ ಹಿಂಬದಿಯಲ್ಲಿ ಶಾಲಾ ಇನ್ಸ್‌ಪೆಕ್ಟರ್ ನಿಂತಿದ್ದರು. ಅವಳದು ವರ್ಷವರ್ಷವೂ ಹೊಸದಾಗಿ ಮಂಜೂರಾಗಬೇಕಾದ ಕೆಲಸ. ಅವರು ಸಹಿ ಹಾಕದಿದ್ದರೆ ಮನೆಗೆ ನಡೆಯಬೇಕು. "ಪುಸ್ತಕದಲ್ಲಿರೋದಷ್ಟೇ ಕೇಳಿ" ಎಂದು ಮೊದಲೇ ಗದರಿದ್ದರು. ಪಾಠ, ದೊರೆ ಬಾವಿ ತೋಡಿಸಿದ ಕಥೆ. ಬಾವಿ ತೋಡಿಸಿದ್ದು ಯಾರು? "ದೊರೆ!" ಊರು ಅವನನ್ನು ಯಾಕೆ ಹೊಗಳಿತು? "ನೀರು ಸಿಕ್ತಲ್ಲ, ಅದಕ್ಕೆ!" ಟೀಚರಮ್ಮ ಇನ್ಸ್‌ಪೆಕ್ಟರ್ ಕಡೆ ಒಮ್ಮೆ ನೋಡಿದಳು. ಆದರೂ ನಾಲಿಗೆ ಹಿಡಿತಕ್ಕೆ ಸಿಗಲಿಲ್ಲ: "ಗುದ್ದಲಿ ಹಿಡಿದೋರ ಹೆಸರು ಪಾಠದಲ್ಲಿ ಯಾಕಿಲ್ಲ?" ಕೇಳಿ, ಕೂತೇಬಿಟ್ಟಳು. ಈಗ ಇಡೀ ಕೋಣೆಯಲ್ಲಿ ನಿಂತಿದ್ದವರು ಇನ್ಸ್‌ಪೆಕ್ಟರ್ ಒಬ್ಬರೇ. ಮಕ್ಕಳೆಲ್ಲ ತಿರುಗಿ ಅವರನ್ನೇ ನೋಡಿದರು. "ಹೇಳಿ ಸರ್, ತಪ್ಪಾದ್ರೂ ಚಪ್ಪಾಳೆ ಹೊಡೀತೀವಿ" ಎಂದಳು ಮುಂದಿನ ಬೆಂಚಿನ ಪುಟ್ಟಿ. ಅವರು ಪೆನ್ನನ್ನು ಜೇಬಿಗಿಳಿಸಿ, ಸಹಿ ಹಾಕದೆ ಹೊರಟುಹೋದರು. ಓದುಗರೇ, ನೀವೂ ಕೂತೇ ಇದ್ದೀರಿ. ಎದ್ದು ನಿಂತು ಉತ್ತರ ಹೇಳಿ.