ಗೊಂಬೆಯ ಅಂಗಾಲಿನ ಗೀಟುಗಳು

ನಾನು ಕೆಲಸ ಮಾಡುವುದು ದೆಹಲಿ ಬಳಿಯ ಮಾನೇಸರದಲ್ಲಿ, ಕಾರಿಗೆ ಮಕ್ಕಳ ಸೀಟು ತಯಾರಿಸುವ ಕಂಪನಿಯಲ್ಲಿ. ಕಂಪನಿಯ ಚರಿತ್ರೆ ಬರೆಯುವ ಕೆಲಸ ನನಗೆ ಬಂದ ವಾರವೇ, ಪರೀಕ್ಷೆಯ ಹಳೆಯ ಗೊಂಬೆಯನ್ನು ಗುಜರಿಗೆ ಹಾಕುವುದೆಂದು ತೀರ್ಮಾನವಾಯಿತು. ಸೀಟು ಗಟ್ಟಿಯಿದೆಯೇ ಎಂದು ನೋಡಲು ಮಗುವಿನ ಬದಲು ಅದನ್ನೇ ಕೂರಿಸಿ ಗುದ್ದಿಸುತ್ತಿದ್ದರು.

ಪ್ರತಿ ಸಲ ಗುದ್ದಿಸಿದ ಮೇಲೆ ಹೊಲಿಗೆ ವಿಭಾಗದ ಹಿರಿಯ ದೀದಿ ಅದರ ಮುಖ ಒರೆಸಿ, ಅಂಗಾಲಿನಲ್ಲಿ ಪೆನ್ನಿನಿಂದ ಒಂದು ಗೀಟು ಎಳೆಯುತ್ತಿದ್ದರು. ಗುಜರಿಯ ಸುದ್ದಿ ಕೇಳಿದಾಗಿನಿಂದ ಅವರು ಸರಿಯಾಗಿ ಊಟ ಮಾಡಿರಲಿಲ್ಲ. ಎಲ್ಲವನ್ನೂ ಎಣಿಸುವ ಅಭ್ಯಾಸ ನನ್ನದು, ಗೀಟುಗಳನ್ನೂ ಎಣಿಸಿದೆ. ರಿಜಿಸ್ಟರಿನಲ್ಲಿ ಇನ್ನೂರ ಹದಿನಾಲ್ಕು ಪರೀಕ್ಷೆ, ಕಾಲಲ್ಲಿ ಇನ್ನೂರ ಹದಿನೈದು ಗೀಟು.

"ದೀದಿ, ಒಂದು ಹೆಚ್ಚು ಎಳೆದಿದ್ದೀರಿ," ಎಂದೆ.

"ಅಚ್ಛಾ, ತಪ್ಪು ನನ್ನದಾ? ನಿನ್ನ ರಿಜಿಸ್ಟರ್ ಹುಟ್ಟುವ ಮೊದಲೇ ಇವನು ಬಿದ್ದಿದ್ದ, ಬೇಟಾ. ಆಗ ಗುದ್ದಿಸುವ ಯಂತ್ರ ಎಲ್ಲಿತ್ತು? ನಾನು ಹೊಲಿದ ಮೊದಲ ಸೀಟನ್ನು ತಳ್ಳುಗಾಡಿಗೆ ಕಟ್ಟಿ, ಇವನನ್ನು ಕೂರಿಸಿ ಇಳಿಜಾರಿನಲ್ಲಿ ಬಿಟ್ಟೆವು. ಬೆಲ್ಟ್ ಕಿತ್ತುಬಂತು. ಮರುದಿನವೇ ಎರಡು ಸಾಲು ಹೊಲಿಗೆ ಹಾಕಿದೆ."

ಇಂದಿಗೂ ನಮ್ಮ ಬೆಲ್ಟುಗಳಿಗೆ ಎರಡು ಸಾಲು ಹೊಲಿಗೆ. ಚರಿತ್ರೆಯನ್ನು ಆ ಗೀಟಿನಿಂದಲೇ ಶುರುಮಾಡಿದೆ. ಅದನ್ನು ಓದಿದ ಮಾಲೀಕರು ಗೊಂಬೆಯನ್ನು ಗುಜರಿಯಿಂದ ಉಳಿಸಿ, ಸಂದರ್ಶಕರ ಕೋಣೆಯಲ್ಲಿ ಕೂರಿಸಿದರು. ಈಗ ಅದನ್ನು ಯಾರೂ ಗುದ್ದಿಸುವುದಿಲ್ಲ. ಆದರೂ ದೀದಿ ದಿನಾ ಬೆಳಿಗ್ಗೆ ಬಂದು ಮುಖ ಒರೆಸುತ್ತಾರೆ. ಅದನ್ನು ಎಣಿಸುವುದು ನಾನು: ಇವತ್ತಿಗೆ ಹತ್ತೊಂಬತ್ತು.